ಸಮಯಬದ್ಧ ವಿಶ್ಲೇಷಣಾತ್ಮಕ ಪ್ರಬಂಧದ ಮೌಲ್ಯಮಾಪನ: ಪೆನ್ನಾಗರಂ ಪರಿಸರದ ಕನ್ನಡ ವಿದ್ಯಾರ್ಥಿಗಳನ್ನು ಮುಂದಿಟ್ಟುಕೊಂಡು

ಗೊತ್ತುಪಡಿಸಿದ ಅವಧಿಯೊಳಗೆ, ಪರೀಕ್ಷಾ ಕೊಠಡಿಯಲ್ಲಿ ಕುಳಿತು, ಮೊದಲೇ ತಿಳಿಯದ ಪ್ರಶ್ನೆಯೊಂದಕ್ಕೆ ಬರೆಯುವ ವಿಶ್ಲೇಷಣಾತ್ಮಕ ಪ್ರಬಂಧವು ಉನ್ನತ ಶಿಕ್ಷಣದ ಬಹು ಹಳೆಯ ಪರೀಕ್ಷಾರೂಪಗಳಲ್ಲಿ ಒಂದು. ವಿಶ್ವವಿದ್ಯಾಲಯ ಅನುದಾನ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯು 2012ರ ಜೂನ್ ತಿಂಗಳಿನಿಂದ ತನ್ನ ವಿವರಣಾತ್ಮಕ ಪತ್ರಿಕೆಯನ್ನು ಕೈಬಿಟ್ಟು ಸಂಪೂರ್ಣವಾಗಿ ಬಹು ಆಯ್ಕೆಯ ಮಾದರಿಗೆ ಹೊರಳಿತು. ಆದರೂ ಪ್ರಬಂಧದ ಸ್ಥಾನ ಕುಗ್ಗಿಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಮೂರು ಗಂಟೆಗಳ ಅವಧಿಯ, 250 ಅಂಕಗಳ ಪ್ರಬಂಧ ಪತ್ರಿಕೆಯಿದ್ದು ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಸ್ನಾತಕೋತ್ತರ ತರಗತಿಗಳಲ್ಲಿಯೂ ವಿದ್ಯಾರ್ಥಿಯ ಚಿಂತನಶಕ್ತಿಯನ್ನು ಅರಿಯಲು ಅಧ್ಯಾಪಕರು ನೆಚ್ಚಿಕೊಂಡಿರುವುದು ಇದನ್ನೇ.

ಪ್ರಬಂಧವನ್ನು ಓದಿ ನಾವು ಕೊಡುವ ಅಂಕವು ನಿಜವಾಗಿ ಯಾವುದನ್ನು ಅಳೆಯುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಸಮಯಬದ್ಧ ಪ್ರಬಂಧದಲ್ಲಿ ಮೂರು ಸಾಮರ್ಥ್ಯಗಳು ಹೆಣೆದುಕೊಂಡಿರುತ್ತವೆ: ಆಲೋಚಿಸುವ ಶಕ್ತಿ, ಬರೆಹದ ಭಾಷೆಯ ಮೇಲಿನ ಹಿಡಿತ, ಬರೆಯುವ ವೇಗ. ಒಂದೇ ಭಾಷೆಯಲ್ಲಿ ಬೆಳೆದು ಅದೇ ಭಾಷೆಯಲ್ಲಿ ಓದಿದ ವಿದ್ಯಾರ್ಥಿಯಲ್ಲಿ ಈ ಮೂರೂ ಬಹುಮಟ್ಟಿಗೆ ಒಟ್ಟಿಗೆ ಸಾಗುವುದರಿಂದ ಅವುಗಳ ನಡುವಿನ ಅಂತರ ಎದ್ದು ಕಾಣುವುದಿಲ್ಲ. ಗಡಿನಾಡಿನ ದ್ವಿಭಾಷಿಕ ವಿದ್ಯಾರ್ಥಿಯಲ್ಲಿ ಇವು ಬೇರೆಬೇರೆಯಾಗಿ ನಿಲ್ಲುತ್ತವೆ. ಆದ್ದರಿಂದ ಅವನ ಉತ್ತರ ಪತ್ರಿಕೆಯು ನಮ್ಮ ಮೌಲ್ಯಮಾಪನ ಕ್ರಮದ ದೋಷಗಳನ್ನು ಉಳಿದವರ ಪತ್ರಿಕೆಗಿಂತ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

1. ಪೆನ್ನಾಗರಂ ಪರಿಸರ

ಪೆನ್ನಾಗರಂ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ತಾಲ್ಲೂಕು ಕೇಂದ್ರ. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರ್ಪಟ್ಟಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆ ರೂಪುಗೊಂಡಿತು. ಕಾವೇರಿಯು ಹೊಗೇನಕಲ್ಲಿನಲ್ಲಿ ಧುಮುಕುವುದು ಇದೇ ತಾಲ್ಲೂಕಿನ ಅಂಚಿನಲ್ಲಿ; ನದಿಯ ಆಚೆಯ ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಹೊಗೆಯಂತೆ ಮೇಲೇಳುವ ನೀರಹನಿಗಳಿಂದ ಬಂದ ಆ ಸ್ಥಳನಾಮವೇ ಕನ್ನಡದ್ದು. ನೊಳಂಬರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯಲ್ಲಿ ಕನ್ನಡ ಶಾಸನಗಳೂ ಇವೆ. ಕನ್ನಡವು ಇಲ್ಲಿಗೆ ಇತ್ತೀಚೆಗೆ ವಲಸೆ ಬಂದ ಭಾಷೆಯಲ್ಲ.

ಆದರೆ ಇಲ್ಲಿನ ಕನ್ನಡ ಮನೆಮಾತಾಗಿ ಉಳಿದಷ್ಟು ಬರೆಹದ ಭಾಷೆಯಾಗಿ ಉಳಿದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮತ್ತು ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ತಮಿಳು ಅಥವಾ ಇಂಗ್ಲಿಷ್ ಎಂಬುದು ಇಲ್ಲಿನ ಕನ್ನಡ ಕುಟುಂಬದ ಮಗುವಿಗೆ ಸಾಮಾನ್ಯವಾದ ದಾರಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯು 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಮೊದಲ ಭಾಗದ ಕಡ್ಡಾಯ ಭಾಷೆಯನ್ನಾಗಿಸಿತು. ತಮಿಳು ಅಥವಾ ಇಂಗ್ಲಿಷ್ ಮಾತೃಭಾಷೆಯಲ್ಲದವರು ತಮ್ಮ ಭಾಷೆಯನ್ನು ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಗಿ ಓದಬಹುದು. ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು ಹೂಡಿದ ಪ್ರಕರಣಗಳು ಮದ್ರಾಸ್ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ತಲುಪಿವೆ. ಆ ನ್ಯಾಯನಿರ್ಣಯ ಈ ಲೇಖನದ ವಿಷಯವಲ್ಲ. ಕನ್ನಡವನ್ನು ಮನೆಯಲ್ಲಿ ಕಲಿತು, ಆಲೋಚನೆಯ ಬರೆಹವನ್ನು ತಮಿಳಿನಲ್ಲಿ ಅಭ್ಯಾಸ ಮಾಡಿ, ಮುಂದೆ ಕನ್ನಡದಲ್ಲಿ ಪರೀಕ್ಷೆಗೆ ಕೂರುವ ವಿದ್ಯಾರ್ಥಿಯೊಬ್ಬನಿದ್ದಾನೆ ಎಂಬುದಷ್ಟೇ ಇಲ್ಲಿ ಮುಖ್ಯ.

ದ್ವಿಭಾಷಿಕ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಸಂಭಾಷಣೆಯ ಭಾಷಾಸಾಮರ್ಥ್ಯ ಮತ್ತು ಶೈಕ್ಷಣಿಕ ಭಾಷಾಸಾಮರ್ಥ್ಯ ಎಂಬ ವಿಂಗಡಣೆಯನ್ನು ಮುಂದಿಟ್ಟರು. ಮೊದಲನೆಯದು ಬಳಕೆಯಿಂದ ಬರುತ್ತದೆ. ಎರಡನೆಯದು ಓದುಬರೆಹದ ದೀರ್ಘಾಭ್ಯಾಸದಿಂದ ಮಾತ್ರ ಬರುತ್ತದೆ. ಎರಡನೆಯ ಭಾಷೆಯನ್ನು ಕಲಿಯುವ ವಲಸಿಗ ಮಕ್ಕಳನ್ನು ಕುರಿತು ರೂಪುಗೊಂಡ ಈ ವಿಂಗಡಣೆಯು ಪೆನ್ನಾಗರಂ ವಿದ್ಯಾರ್ಥಿಗೆ ತಿರುಗುಮುರುಗಾಗಿ ಅನ್ವಯಿಸುತ್ತದೆ. ಅವನಿಗೆ ಮೊದಲ ಭಾಷೆಯಲ್ಲಿ ಸಂಭಾಷಣೆಯ ಸಾಮರ್ಥ್ಯವಿದೆ, ಎರಡನೆಯ ಭಾಷೆಯಲ್ಲಿ ಶೈಕ್ಷಣಿಕ ಸಾಮರ್ಥ್ಯವಿದೆ. ಪರೀಕ್ಷೆಯು ಮೊದಲ ಭಾಷೆಯಲ್ಲಿ ಶೈಕ್ಷಣಿಕ ಸಾಮರ್ಥ್ಯವನ್ನು ಬೇಡುತ್ತದೆ.

2. ಒಂದೇ ಉತ್ತರ, ಹಲವು ಅಂಕ

ಪ್ರಬಂಧದ ಅಂಕಗಳು ಮೌಲ್ಯಮಾಪಕರಿಂದ ಮೌಲ್ಯಮಾಪಕರಿಗೆ ಬದಲಾಗುತ್ತವೆ ಎಂಬ ಅರಿವು ಹೊಸದಲ್ಲ. ಪರೀಕ್ಷೆಯ ಅಂಕಗಳಲ್ಲಿ ಅಡಗಿರುವ ಆಕಸ್ಮಿಕತೆಯನ್ನು ಎಜ್‌ವರ್ತ್ 1888ರಲ್ಲಿಯೇ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದ್ದರು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಪ್ರೌಢಶಾಲೆಯ ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು 142 ಅಧ್ಯಾಪಕರಿಂದ ಮೌಲ್ಯಮಾಪನ ಮಾಡಿಸಿದಾಗ, ನೂರಕ್ಕೆ ಒಂದು ಪತ್ರಿಕೆಗೆ 64ರಿಂದ 98ರವರೆಗೆ, ಇನ್ನೊಂದಕ್ಕೆ 50ರಿಂದ 97ರವರೆಗೆ ಅಂಕಗಳು ಬಂದವು. ಭಾಷಾವಿಷಯವಾದ್ದರಿಂದ ಹೀಗಾಯಿತೆಂಬ ಆಕ್ಷೇಪಕ್ಕೆ ಉತ್ತರವಾಗಿ ಮರುವರ್ಷ ರೇಖಾಗಣಿತದ ಪತ್ರಿಕೆಯೊಂದನ್ನು ಪರೀಕ್ಷಿಸಿದಾಗ ಅಂಕಗಳು 28ರಿಂದ 92ರವರೆಗೆ ಹರಡಿಕೊಂಡಿದ್ದವು.

ಈ ವ್ಯತ್ಯಾಸದ ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿದ್ದು 1961ರಲ್ಲಿ ಡೀಡರಿಕ್, ಫ್ರೆಂಚ್ ಮತ್ತು ಕಾರ್ಲ್‌ಟನ್ ನಡೆಸಿದ ಅಧ್ಯಯನ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಬೇರೆಬೇರೆ ವೃತ್ತಿಗಳ 53 ಓದುಗರು ಯಾವ ಮಾನದಂಡದ ಸೂಚನೆಯೂ ಇಲ್ಲದೆ ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿದರು. ನೂರಕ್ಕೆ 94ರಷ್ಟು ಪ್ರಬಂಧಗಳಿಗೆ ಏಳು ಅಥವಾ ಅದಕ್ಕಿಂತ ಹೆಚ್ಚು ಬೇರೆಬೇರೆ ದರ್ಜೆಗಳು ದೊರೆತವು. ಐದಕ್ಕಿಂತ ಕಡಿಮೆ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ. ಸಂಶೋಧಕರು ಅಂಕಗಳ ಹಿಂದಿನ ಒಲವುಗಳನ್ನು ವಿಶ್ಲೇಷಿಸಿದಾಗ ಓದುಗರಲ್ಲಿ ಐದು ಬಣಗಳು ಕಂಡವು. ಒಂದು ಬಣ ವಿಚಾರಕ್ಕೆ ಮಹತ್ವ ಕೊಟ್ಟರೆ, ಉಳಿದವು ಕ್ರಮವಾಗಿ ರಚನೆಗೆ, ಶೈಲಿಯ ಸೊಗಸಿಗೆ, ಕಾಗುಣಿತ ವ್ಯಾಕರಣಗಳಿಗೆ, ಪದಪ್ರಯೋಗಕ್ಕೆ ಮಹತ್ವ ಕೊಟ್ಟಿದ್ದವು. ಓದುಗರಲ್ಲಿ ಯಾರೂ ಅಲಕ್ಷ್ಯದಿಂದ ಓದಿರಲಿಲ್ಲ. ಅವರು ಅಳೆಯುತ್ತಿದ್ದ ವಸ್ತುವೇ ಬೇರೆಬೇರೆಯಾಗಿತ್ತು.

ಇದು ನಮ್ಮ ವಿದ್ಯಾರ್ಥಿಗೆ ಎಷ್ಟು ಮುಖ್ಯವೆಂಬುದನ್ನು ಗಮನಿಸಬೇಕು. ಐದು ಗುಣಗಳೂ ಸಮಪ್ರಮಾಣದಲ್ಲಿರುವ ಪ್ರಬಂಧ ಯಾವ ಬಣದ ಕೈಗೆ ಸಿಕ್ಕರೂ ಹೆಚ್ಚು ನಷ್ಟವಿಲ್ಲ. ವಿಚಾರ ಬಲವಾಗಿದ್ದು ಭಾಷೆ ಎಡವುವ ಪ್ರಬಂಧದ ಅಂಕವು ಅದು ಯಾರ ಕೈಗೆ ಹೋಯಿತೆಂಬುದನ್ನೇ ಅವಲಂಬಿಸುತ್ತದೆ. ಮೌಲ್ಯಮಾಪನದ ವಿಶ್ವಸನೀಯತೆ ಕುಗ್ಗಿದಾಗ ಅದರ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ದ್ವಿಭಾಷಿಕ ವಿದ್ಯಾರ್ಥಿಯ ಮೇಲೆ ಹೆಚ್ಚಾಗಿ ಬೀಳುತ್ತದೆ.

3. ‘ಪ್ರಬಂಧ’ ಮತ್ತು ‘ಕಟ್ಟುರೈ’

ಮಾನದಂಡಗಳ ಚರ್ಚೆಗೆ ಮುನ್ನ ಪ್ರಬಂಧವೆಂಬ ಪ್ರಕಾರದ ಬಗೆಗೆ ಎರಡು ಭಾಷೆಗಳಲ್ಲಿರುವ ನಿರೀಕ್ಷೆಗಳನ್ನು ನೋಡುವುದು ಉಚಿತ. ಕನ್ನಡದಲ್ಲಿ ‘ಪ್ರಬಂಧ’ ಎಂಬ ಒಂದೇ ಪದವು ಶಾಲೆಯ ಪ್ರಬಂಧ, ಲಲಿತ ಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧ ಎಂಬ ಮೂರು ಭಿನ್ನ ಬರೆಹಗಳಿಗೆ ಸಲ್ಲುತ್ತದೆ. ತಮಿಳಿನಲ್ಲಿ ‘ಪಿರಬಂದಂ’ ಎಂಬುದು ಸಾಹಿತ್ಯಪ್ರಕಾರದ ಹೆಸರು. ಶಾಲೆಯಲ್ಲಿ ಬರೆಯುವುದು ‘ಕಟ್ಟುರೈ’. ಕನ್ನಡ ಶಾಲೆಯ ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿದ್ದರೆ, ತಮಿಳು ಕಟ್ಟುರೈಗೆ ‘ಮುನ್ನುರೈ’ಯಿಂದ ‘ಮುಡಿವುರೈ’ಯವರೆಗೆ ಉಪಶೀರ್ಷಿಕೆಗಳನ್ನು ಇಟ್ಟು ಬರೆಯುವ ರೂಢಿಯಿದೆ. ಕನ್ನಡ ಮೌಲ್ಯಮಾಪಕನಿಗೆ ಈ ಉಪಶೀರ್ಷಿಕೆಗಳು ತುಂಡುತುಂಡಾದ ಟಿಪ್ಪಣಿಯಂತೆ ಕಾಣಬಹುದು. ವಿದ್ಯಾರ್ಥಿಗಾದರೋ ಅದು ತಾನು ಕಲಿತ ಶಿಸ್ತು.

ಎರಡೂ ಚೌಕಟ್ಟುಗಳಿಗೆ ಸಮಾನವಾದ ಒಂದು ಕೊರತೆಯಿದೆ. ಆರಂಭ, ಮಧ್ಯ, ಅಂತ್ಯಗಳನ್ನು ಅವು ಗೊತ್ತುಪಡಿಸುತ್ತವೆ. ಮಧ್ಯದಲ್ಲಿ ನಡೆಯಬೇಕಾದ ಕೆಲಸವನ್ನು ಹೇಳುವುದಿಲ್ಲ. ‘ವಿವರಿಸಿ’ ಎಂಬ ಪ್ರಶ್ನೆಗೂ ‘ವಿಶ್ಲೇಷಿಸಿ’ ಎಂಬ ಪ್ರಶ್ನೆಗೂ ಒಂದೇ ಬಗೆಯ ಉತ್ತರ ಬರುವುದಕ್ಕೆ ಇದು ಕಾರಣ. ವಿಶ್ಲೇಷಣೆ ಎಂದರೆ ಒಂದು ಸಂಗತಿಯನ್ನು ಅದರ ಘಟಕಗಳಾಗಿ ಬಿಡಿಸಿ, ಅವುಗಳ ನಡುವಿನ ಸಂಬಂಧವನ್ನು ತೋರಿಸಿ, ಆ ಸಂಬಂಧದಿಂದ ಹೊರಡುವ ತೀರ್ಮಾನವನ್ನು ಆಧಾರಸಹಿತ ಮಂಡಿಸುವುದು. ಚೌಕಟ್ಟು ಪೂರ್ಣವಾಗಿದ್ದೂ ಇದೊಂದೂ ಇಲ್ಲದ ಪ್ರಬಂಧ ಸಾಧ್ಯ. ಚೌಕಟ್ಟು ಅಪೂರ್ಣವಾಗಿದ್ದೂ ಇವೆಲ್ಲ ಇರುವ ಪ್ರಬಂಧವೂ ಸಾಧ್ಯ.

4. ಒಂದು ಪ್ರಶ್ನೆ, ಎರಡು ಉತ್ತರಗಳು

ಪೆನ್ನಾಗರಂ ಪರಿಸರಕ್ಕೆ ಹತ್ತಿರವಾದ ಪ್ರಶ್ನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕ. ಇದಕ್ಕೆ ಪರಿಹಾರವಾಗಿ ಕಾವೇರಿ ನೀರನ್ನು ಒದಗಿಸುವ ಹೊಗೇನಕಲ್ ಸಮಗ್ರ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆಗೆ 2008ರಲ್ಲಿ ಶಿಲಾನ್ಯಾಸವಾಯಿತು. ಜಪಾನಿನ ಸಾಲದ ನೆರವಿನಿಂದ ಅದು ಪೂರ್ಣಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಪ್ರಶ್ನೆ ಹೀಗಿರಲಿ: ‘ಕಾವೇರಿ ನೀರು ಹಳ್ಳಿಗಳನ್ನು ತಲುಪಿದ ಮಾತ್ರಕ್ಕೆ ಧರ್ಮಪುರಿ ಜಿಲ್ಲೆಯ ಫ್ಲೋರೋಸಿಸ್ ಸಮಸ್ಯೆ ಪರಿಹಾರವಾಗುತ್ತದೆಯೇ? ವಿಶ್ಲೇಷಿಸಿ.’ ಅವಧಿ 45 ನಿಮಿಷ, 20 ಅಂಕ.

ಪ್ರಶ್ನೆಯೊಂದಿಗೆ ಮೂರು ಮಾಹಿತಿಗಳನ್ನು ಮುದ್ರಿಸಬೇಕು. ಒಂದು, ಯೋಜನೆಯ ಆಕರ ಮತ್ತು ಕಾಲ. ಎರಡು, ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿಯನ್ನು ಗೊತ್ತುಪಡಿಸಿದ್ದು, ಬೇರೆ ಜಲಮೂಲವಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಅವಕಾಶ ಕೊಟ್ಟಿದೆ. ಮೂರು, ಹಲ್ಲಿನ ಹೊರಕವಚ ರೂಪುಗೊಳ್ಳುವ ಬಾಲ್ಯದಲ್ಲಿ ಅಧಿಕ ಫ್ಲೋರೈಡ್ ದೇಹ ಸೇರಿದರೆ ಉಂಟಾಗುವ ಕಲೆ ಮುಂದೆ ಶುದ್ಧ ನೀರು ಕುಡಿದರೂ ಹೋಗುವುದಿಲ್ಲ. ಮಾಹಿತಿಯನ್ನು ಕೊಟ್ಟುಬಿಟ್ಟಾಗ ಕಂಠಪಾಠದ ಪಾತ್ರ ತಗ್ಗುತ್ತದೆ, ಮಾಹಿತಿಯನ್ನು ಬಳಸುವ ಶಕ್ತಿಯೇ ಪರೀಕ್ಷೆಗೆ ಒಳಗಾಗುತ್ತದೆ.

ಕೆಳಗಿನ ಎರಡು ಉತ್ತರಭಾಗಗಳನ್ನು ವಿವರಣೆಗಾಗಿ ಈ ಲೇಖನಕ್ಕೆಂದೇ ರಚಿಸಲಾಗಿದೆ.

ಮೊದಲನೆಯ ಉತ್ತರ: “ಜಲವು ಸಕಲ ಜೀವರಾಶಿಗಳಿಗೆ ಆಧಾರ. ಅನಾದಿ ಕಾಲದಿಂದಲೂ ಮಾನವನ ನಾಗರಿಕತೆಗಳು ನದೀತೀರಗಳಲ್ಲಿಯೇ ಅರಳಿವೆ. ದಕ್ಷಿಣ ಭಾರತದ ಜೀವನದಿಯಾದ ಕಾವೇರಿಯ ನೀರು ಧರ್ಮಪುರಿಯ ಜನರಿಗೆ ದೊರೆತಿರುವುದು ಅವರ ಸೌಭಾಗ್ಯವೇ ಸರಿ. ಒಂದೆಡೆ ಈ ಯೋಜನೆಯಿಂದ ಅನೇಕ ಅನುಕೂಲಗಳಿವೆ. ಮತ್ತೊಂದೆಡೆ ಹಲವು ಸವಾಲುಗಳೂ ಇವೆ. ಆದ್ದರಿಂದ ಸರ್ಕಾರ ಹಾಗೂ ಸಾರ್ವಜನಿಕರು ಕೈಜೋಡಿಸಿದರೆ ಫ್ಲೋರೋಸಿಸ್ ಮುಕ್ತ ಸಮಾಜವನ್ನು ನಿರ್ಮಿಸಬಹುದು.”

ಎರಡನೆಯ ಉತ್ತರ: “ಅರಸು ತಿಟ್ಟದಲ್ಲಿ ಕಾವೇರಿ ನೀರು ಬಂದರೂ ಊರಲ್ಲಿ ಬೋರು ಮುಚ್ಚಿಲ್ಲ. ಪೈಪಿನಲ್ಲಿ ನೀರು ಬಾರದ ದಿನ ಜನ ತಿರುಗ ಬೋರಿಗೇ ಹೋಗುತಾರೆ. ಅದರಿಂದ ಎಷ್ಟು ಊರಿಗೆ ನೀರು ಕೊಟ್ಟರು ಅನ್ನುವ ಸಂಕ್ಯೆ ಸಾಲದು, ವರುಷದಲ್ಲಿ ಎಷ್ಟು ದಿನ ಬಂತು ಅಂತ ನೋಡಬೇಕು. ಕುಡಿಯೋಕೆ ಒಂದು ನೀರು, ಅಡಿಗೆಗೆ ಒಂದು ನೀರು ಅಂದರೆ ವಿಷ ಅಡಿಗೆಯಲ್ಲಿ ಒಳಗೆ ಹೋಗುತ್ತದೆ. ದೊಡ್ಡವರ ಹಲ್ಲಿನ ಕರೆ ಈ ನೀರು ಕುಡಿದರೂ ಹೋಗದು. ಹಾಗಾದರೆ ತಿಟ್ಟದ ಪಲ ನೋಡಬೇಕಾದುದು ಈಗ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ.”

ಒಟ್ಟು ಅಭಿಪ್ರಾಯದ ಮೇಲೆ ಅಂಕ ಕೊಡುವವರಿಗೆ ಮೊದಲನೆಯದು ‘ಪ್ರೌಢ’ವಾಗಿಯೂ ಎರಡನೆಯದು ‘ಒರಟಾಗಿ’ಯೂ ತೋರುವ ಸಂಭವ ಹೆಚ್ಚು. ಮೊದಲ ವಾಕ್ಯದ ಗಾಂಭೀರ್ಯ ಅಥವಾ ಮೊದಲ ಸಾಲಿನ ಕಾಗುಣಿತ ದೋಷವು ಉಳಿದ ಎಲ್ಲ ಗುಣಗಳ ತೀರ್ಮಾನಕ್ಕೂ ತನ್ನ ಬಣ್ಣ ಬಳಿಯುತ್ತದೆ. ಮನೋವಿಜ್ಞಾನದಲ್ಲಿ ಇದನ್ನು ಪ್ರಭಾವಲಯ ಪರಿಣಾಮವೆನ್ನುತ್ತಾರೆ. ಆದ್ದರಿಂದ ಗುಣಗಳನ್ನು ಬಿಡಿಬಿಡಿಯಾಗಿ ಅಳೆಯುವುದು ಅಗತ್ಯ. 20 ಅಂಕಗಳನ್ನು ಹೀಗೆ ಹಂಚಬಹುದು: ಪ್ರಶ್ನೆಗೆ ನೇರವಾದ ನಿಲುವು 4, ಆಧಾರಗಳ ಬಳಕೆ 5, ತರ್ಕದ ಜೋಡಣೆ 6, ಸಂಘಟನೆ 2, ಭಾಷೆ 3.

ಮೊದಲನೆಯ ಉತ್ತರದಲ್ಲಿ ನಿಲುವು ಅಸ್ಪಷ್ಟವಾಗಿದೆ. ಕೊಟ್ಟ ಮೂರು ಮಾಹಿತಿಗಳಲ್ಲಿ ಒಂದೂ ಬಳಕೆಯಾಗಿಲ್ಲ. ಅನುಕೂಲಗಳು ಯಾವುವು, ಸವಾಲುಗಳು ಯಾವುವು ಎಂಬುದಿಲ್ಲ. ‘ಆದ್ದರಿಂದ’ ಎಂಬ ಪದದ ಹಿಂದೆ ಕಾರಣವಿಲ್ಲ, ಮುಂದಿರುವುದು ಆಶಯ ಮಾತ್ರ. ಅಂಕಗಳು ಕ್ರಮವಾಗಿ 1, 0, 1, 2, 3, ಒಟ್ಟು 7. ಎರಡನೆಯ ಉತ್ತರವು ನೀರಿನ ಪೂರೈಕೆ ಮತ್ತು ಸಮಸ್ಯೆಯ ಪರಿಹಾರ ಎರಡೂ ಒಂದೇ ಅಲ್ಲವೆಂದು ಬಿಡಿಸಿ ತೋರಿಸಿದೆ. ಪೂರೈಕೆಯ ವ್ಯಾಪ್ತಿಗೂ ನೈರಂತರ್ಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿದೆ. ಅಡಿಗೆಯ ನೀರೆಂಬ, ಸುಲಭವಾಗಿ ಮರೆತುಹೋಗುವ ಮಾರ್ಗವನ್ನು ಎತ್ತಿಕೊಂಡಿದೆ. ಕೊಟ್ಟ ಮೂರನೆಯ ಮಾಹಿತಿಯಿಂದ, ಯೋಜನೆಯ ಯಶಸ್ಸನ್ನು ಯಾರಲ್ಲಿ ಅಳೆಯಬೇಕೆಂಬ ತೀರ್ಮಾನಕ್ಕೆ ಬಂದಿದೆ. ಆದರೆ ಮಾನಕದ ಅಂಕಿಅಂಶವನ್ನು ಬಳಸಿಲ್ಲ, ಬೋರಿನ ನೀರಿನ ಪರೀಕ್ಷೆಯ ಮಾತೆತ್ತಿಲ್ಲ, ಎಲ್ಲವನ್ನೂ ಒಂದೇ ಕಂಡಿಕೆಯಲ್ಲಿ ತುಂಬಿದೆ. ಅಂಕಗಳು ಕ್ರಮವಾಗಿ 4, 3, 5, 1, 1, ಒಟ್ಟು 14. ಇದನ್ನು ಅನುಕಂಪದ ಅಂಕವೆನ್ನುವಂತಿಲ್ಲ. ಪ್ರಶ್ನೆ ಕೇಳಿದ್ದು ವಿಶ್ಲೇಷಣೆಯನ್ನು, ಅಂಕ ದೊರೆತದ್ದೂ ಅದಕ್ಕೇ.

ವಿಶ್ಲೇಷಣೆಯ ಸೋಗನ್ನು ಗುರುತಿಸಲು ಸರಳವಾದ ಪರೀಕ್ಷೆಯೊಂದಿದೆ. ‘ಆದ್ದರಿಂದ’, ‘ಆದರೆ’, ‘ಒಂದೆಡೆ’, ‘ಮತ್ತೊಂದೆಡೆ’ ಮುಂತಾದ ಜೋಡಣೆಯ ಪದಗಳನ್ನು ಅಳಿಸಿ ಓದಬೇಕು. ಎರಡನೆಯ ಉತ್ತರದಲ್ಲಿ ಅವನ್ನು ತೆಗೆದರೂ ಒಂದು ವಾಕ್ಯ ಇನ್ನೊಂದಕ್ಕೆ ಕಾರಣವೆಂಬುದು ತಿಳಿಯುತ್ತದೆ. ಮೊದಲನೆಯದರಲ್ಲಿ ಅವನ್ನು ತೆಗೆದರೆ ಸಂಬಂಧವಿಲ್ಲದ ವಾಕ್ಯಗಳು ಉಳಿಯುತ್ತವೆ.

5. ಯಾವುದು ದೋಷ, ಎಷ್ಟು ದೋಷ

ಭಾಷೆಗೆ 3 ಅಂಕ ಮೀಸಲಿಟ್ಟ ಮೇಲೂ ಎರಡನೆಯ ಉತ್ತರದ ರೂಪಗಳನ್ನು ಒಂದೇ ರಾಶಿಯಲ್ಲಿ ‘ತಪ್ಪು’ ಎಂದು ಎಣಿಸುವುದು ಸರಿಯಲ್ಲ. ಅವುಗಳಲ್ಲಿ ಮೂರು ವರ್ಗಗಳಿವೆ.

ಮೊದಲನೆಯದು ಲಿಪಿಯ ಹಿನ್ನೆಲೆಯಿಂದ ಬಂದ ಕಾಗುಣಿತ: ‘ಸಂಕ್ಯೆ’, ‘ಪಲ’. ತಮಿಳು ಲಿಪಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲ. ವರ್ಗದ ನಾಲ್ಕು ಸ್ಪರ್ಶಗಳಿಗೆ ಒಂದೇ ಅಕ್ಷರ. ಆ ಲಿಪಿಯಲ್ಲಿ ಹನ್ನೆರಡು ವರ್ಷ ಬರೆದ ಕೈಗೆ ಮಹಾಪ್ರಾಣವು ಕಿವಿಯಲ್ಲಿಯೂ ಇಲ್ಲ, ಅಭ್ಯಾಸದಲ್ಲಿಯೂ ಇಲ್ಲ. ಸಂಸ್ಕೃತ ಪದಗಳು ಕನ್ನಡಕ್ಕೆ ಬರುವಾಗ ಪಡೆಯುವ ಮಾರ್ಪಾಡುಗಳಿಗೆ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಭಾಗವನ್ನೇ ಮೀಸಲಿಟ್ಟಿದ್ದಾನೆ. ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಾಕ್ಷರಗಳನ್ನು ಕನ್ನಡ ಬರೆಹದಿಂದ ಕೈಬಿಡಬೇಕೆಂದು ವಾದಿಸಿದ್ದಾರೆ. ಆ ವಾದವನ್ನು ಒಪ್ಪದವರೂ, ವಿದ್ವಾಂಸರ ನಡುವೆ ಚರ್ಚೆಯಲ್ಲಿರುವ ವಿಷಯವನ್ನು ಆಲೋಚನೆಯ ಕೊರತೆಯೆಂದು ಎಣಿಸಲಾಗದೆಂಬುದನ್ನು ಒಪ್ಪಬಹುದು. ಇಂತಹ ದೋಷವನ್ನು ಭಾಷೆಯ ಅಂಕದಲ್ಲಿ ಮಾತ್ರ, ಒಂದೇ ಬಗೆಯದು ಎಷ್ಟು ಬಾರಿ ಬಂದರೂ ಒಮ್ಮೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಆಡುನುಡಿಯ ರೂಪಗಳು: ‘ಹೋಗುತಾರೆ’, ‘ತಿರುಗ’, ‘ಕುಡಿಯೋಕೆ’. ಇವು ತಪ್ಪುಗಳಲ್ಲ. ಗ್ರಾಂಥಿಕ ಶೈಲಿಯ ಸಂದರ್ಭದಲ್ಲಿ ಬಳಕೆಯಾದ ಬೇರೊಂದು ಶೈಲಿ. ಬೆಂಗಳೂರಿನ ವಿದ್ಯಾರ್ಥಿಯ ಬರೆಹದಲ್ಲಿ ಇಂಗ್ಲಿಷ್ ಪದಗಳು ನುಸುಳಿದಾಗ ತೋರುವ ಔದಾರ್ಯವನ್ನು ಗಡಿನಾಡಿನ ನುಡಿರೂಪಕ್ಕೂ ತೋರುವುದು ನ್ಯಾಯ.

ಮೂರನೆಯದು ಎರಡು ಭಾಷೆಗಳಲ್ಲಿ ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವ ಪದಗಳು. ತಮಿಳಿನಲ್ಲಿ ‘ಅರಸು’ ಎಂದರೆ ಸರ್ಕಾರ, ‘ತಿಟ್ಟಂ’ ಎಂದರೆ ಯೋಜನೆ. ಕನ್ನಡದಲ್ಲಿ ‘ಅರಸು’ ಎಂದರೆ ದೊರೆ, ‘ತಿಟ್ಟು’ ಎಂದರೆ ದಿಬ್ಬ. ತಮಿಳಿನ ‘ಕೇವಲಂ’ ಹೀನವೆಂಬ ಅರ್ಥವನ್ನು ಕೊಟ್ಟರೆ ಕನ್ನಡದ ‘ಕೇವಲ’ ಬರಿಯ ಎಂಬರ್ಥವನ್ನು ಕೊಡುತ್ತದೆ. ‘ಫಲ’ ಎಂಬುದು ‘ಪಲ’ವಾದಾಗ ತಮಿಳು ಬಲ್ಲವರಿಗೆ ‘ಹಲವು’ ಎಂಬ ಅರ್ಥವೂ ಹೊಳೆಯುತ್ತದೆ. ಇಲ್ಲಿ ಮಾತ್ರ ಭಾಷೆಯ ಸಮಸ್ಯೆಯು ಅರ್ಥದ ಸಮಸ್ಯೆಯಾಗಬಲ್ಲದು. ತಮಿಳರಿಯದ ಮೌಲ್ಯಮಾಪಕನು ‘ಅರಸು ತಿಟ್ಟ’ವನ್ನು ಅಸಂಬದ್ಧವೆಂದು ಬಿಟ್ಟುಬಿಟ್ಟರೆ ತರ್ಕದ ಅಂಕವೂ ಹೋಗುತ್ತದೆ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿಯೇ ವಿಷಯಕ್ಕೆ ಬೇಕಾದ ಎಂಟು ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡ ಮತ್ತು ತಮಿಳು ಎರಡರಲ್ಲಿಯೂ ಮುದ್ರಿಸುವುದು ಒಳ್ಳೆಯದು. ಮೌಲ್ಯಮಾಪಕರ ಕೈಗೂ ಇಂತಹ ಸಮರೂಪ ಪದಗಳ ಪಟ್ಟಿಯೊಂದಿರಬೇಕು.

6. ಅವಧಿ ಮತ್ತು ಉದ್ದ

ಬರೆಹದ ಪ್ರಕ್ರಿಯೆಯನ್ನು ಕುರಿತು ಹೇಯ್ಸ್ ಮತ್ತು ಫ್ಲವರ್ 1980ರಲ್ಲಿ ಮಂಡಿಸಿದ ಮಾದರಿಯಲ್ಲಿ ಯೋಜಿಸುವುದು, ವಾಕ್ಯರೂಪಕ್ಕೆ ತರುವುದು, ಪರಿಷ್ಕರಿಸುವುದು ಎಂಬ ಮೂರು ಕೆಲಸಗಳಿವೆ. ಏಕಭಾಷಿಕ ವಿದ್ಯಾರ್ಥಿಗೆ ನಡುವಿನ ಕೆಲಸ ಬಹುಮಟ್ಟಿಗೆ ತಾನಾಗಿ ನಡೆಯುತ್ತದೆ. ಶೈಕ್ಷಣಿಕ ಪದಗಳನ್ನು ತಮಿಳಿನಲ್ಲಿ ಕಲಿತವನಿಗೆ ಪ್ರತಿ ವಾಕ್ಯದಲ್ಲಿಯೂ ಪದ ಹುಡುಕುವ, ಒತ್ತಕ್ಷರವನ್ನು ನೆನಪಿಸಿಕೊಳ್ಳುವ ಶ್ರಮವಿರುತ್ತದೆ. ಆ ಶ್ರಮ ನುಂಗುವ ನಿಮಿಷಗಳು ಯೋಜನೆಯಿಂದ ಮತ್ತು ಪರಿಷ್ಕರಣೆಯಿಂದ ಕಳೆದುಹೋಗುತ್ತವೆ. ವೇಗವನ್ನು ಅಳೆಯುವುದೇ ಪರೀಕ್ಷೆಯ ಉದ್ದೇಶವಾಗಿಲ್ಲದಿದ್ದರೆ ಅವಧಿಯು ಬಹುಪಾಲು ವಿದ್ಯಾರ್ಥಿಗಳು ಮುಗಿಸುವಷ್ಟಿರಬೇಕು. ಇಲ್ಲವಾದರೆ ಪರೀಕ್ಷೆಯ ಸಪ್ರಮಾಣತೆಗೆ ಧಕ್ಕೆ ಬರುತ್ತದೆ.

ಇದಕ್ಕೆ ವೆಚ್ಚವಿಲ್ಲದ ಉಪಾಯವೊಂದಿದೆ. 45 ನಿಮಿಷಗಳ ಬರೆಹಕ್ಕೆ ಮುನ್ನ ಎಲ್ಲ ವಿದ್ಯಾರ್ಥಿಗಳಿಗೂ 10 ನಿಮಿಷಗಳ ಯೋಜನಾ ಅವಧಿಯನ್ನು ಕೊಟ್ಟು, ಟಿಪ್ಪಣಿಯನ್ನು ತಮಗೆ ಬೇಕಾದ ಭಾಷೆಯಲ್ಲಿ ಮಾಡಿಕೊಳ್ಳಲು ಬಿಡುವುದು. ತಮಿಳಿನಲ್ಲಿ ಆಲೋಚನೆಯ ಎಳೆಯನ್ನು ಹಾಕಿಕೊಂಡು ಕನ್ನಡದಲ್ಲಿ ಬರೆಯುವುದು ದ್ವಿಭಾಷಿಕನಿಗೆ ಸಹಜವಾದ ಕ್ರಮ. ಪ್ರಬಂಧ ಅಪೂರ್ಣವಾಗಿ ನಿಂತರೆ ಈ ಟಿಪ್ಪಣಿಯನ್ನು ಪರಿಗಣಿಸಬೇಕೇ ಎಂಬುದನ್ನು ಪರೀಕ್ಷೆಗೆ ಮುನ್ನವೇ ತೀರ್ಮಾನಿಸಿ ಪ್ರಕಟಿಸಬೇಕು. ಮೌಲ್ಯಮಾಪನದ ನಡುವೆ ಒಬ್ಬೊಬ್ಬರು ಒಂದೊಂದು ರೀತಿ ತೀರ್ಮಾನಿಸುವುದು ಅನ್ಯಾಯಕ್ಕೆ ದಾರಿ.

ಉದ್ದದ ವಿಷಯದಲ್ಲಿಯೂ ಎಚ್ಚರ ಬೇಕು. ಪುಟಗಳ ಸಂಖ್ಯೆ ನೋಡಿ ಅಂಕ ಕೊಡುವ ರೂಢಿಯನ್ನು ಯಾರೂ ಒಪ್ಪಿಕೊಳ್ಳದಿದ್ದರೂ ಅದರ ಪ್ರಭಾವ ಅಳಿದಿಲ್ಲ. ಇಂಗ್ಲಿಷಿಗೆ ಗೊತ್ತುಪಡಿಸಿದ ಪದಮಿತಿಯನ್ನು ಹಾಗೆಯೇ ಕನ್ನಡಕ್ಕೆ ಹಾಕುವುದು ಇನ್ನೊಂದು ತೊಡಕು. ‘ಹೋಗಬೇಕಾಗಿದ್ದವರಿಂದ’ ಎಂಬ ಒಂದು ಕನ್ನಡ ಪದದ ಅರ್ಥಕ್ಕೆ ಇಂಗ್ಲಿಷಿನಲ್ಲಿ ಆರು ಪದಗಳಾದರೂ ಬೇಕು. ಪ್ರತ್ಯಯಗಳನ್ನು ಅಂಟಿಸಿಕೊಂಡು ಬೆಳೆಯುವ ಕನ್ನಡ ತಮಿಳುಗಳಲ್ಲಿ 300 ಪದಗಳು ಹೊರುವ ವಿಚಾರಭಾರ ಇಂಗ್ಲಿಷಿನ 300 ಪದಗಳಿಗಿಂತ ಹೆಚ್ಚು. ಪದಮಿತಿಯು ವಿದ್ಯಾರ್ಥಿಗೆ ಮಾರ್ಗದರ್ಶನವಾಗಿರಲಿ, ಗುಣದ ಅಳತೆಗೋಲಾಗುವುದು ಬೇಡ.

7. ಚಿಕ್ಕ ವಿಭಾಗದಲ್ಲಿ ಮೌಲ್ಯಮಾಪನ

ಮಾನದಂಡದ ಪಟ್ಟಿಯೊಂದೇ ವಿಶ್ವಸನೀಯತೆಯನ್ನು ತರಲಾರದು. ಮೌಲ್ಯಮಾಪಕರು ಮೊದಲು ಐದಾರು ಮಾದರಿ ಉತ್ತರಗಳನ್ನು ಒಟ್ಟಿಗೆ ಕುಳಿತು ಓದಿ, ಅಂಕಗಳನ್ನು ಹೋಲಿಸಿ, ವ್ಯತ್ಯಾಸಗಳ ಕಾರಣವನ್ನು ಚರ್ಚಿಸಬೇಕು. ಹೆಸರು, ಊರು, ಕಾಲೇಜುಗಳನ್ನು ಮರೆಮಾಡಿ ಇಬ್ಬರು ಸ್ವತಂತ್ರವಾಗಿ ಓದಬೇಕು. 20ಕ್ಕೆ 3ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಓದಬೇಕು. ಇವು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಧ್ಯವಾಗುವ ಕ್ರಮಗಳು.

ಅಲ್ಪಸಂಖ್ಯಾತ ಭಾಷೆಯ ವಿಭಾಗಗಳ ಸ್ಥಿತಿ ಬೇರೆ. ಅಲ್ಲಿ ಅಧ್ಯಾಪಕರು ಒಬ್ಬರೋ ಇಬ್ಬರೋ ಇರುತ್ತಾರೆ. ವಿದ್ಯಾರ್ಥಿಗಳು ಎಂಟು ಹತ್ತು ಮಂದಿಯಾದರೆ ಸಂಕೇತಸಂಖ್ಯೆ ಹಾಕಿದರೂ ಕೈಬರೆಹದಿಂದ, ನುಡಿರೂಪದಿಂದ ಗುರುತು ಸಿಕ್ಕಿಬಿಡುತ್ತದೆ. ಹೊರಗಿನಿಂದ ಬರುವ ಮೌಲ್ಯಮಾಪಕರು ಮೈಸೂರಿನವರೋ ಬೆಂಗಳೂರಿನವರೋ ಆಗಿದ್ದು ತಮಿಳು ಬಾರದವರಾಗಿರಬಹುದು. ಇಲ್ಲಿಗೆ ಹೊಂದುವ ಮೂರು ಕ್ರಮಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಎರಡನೆಯ ಓದುಗರು ಕನ್ನಡದ ಅಧ್ಯಾಪಕರೇ ಆಗಬೇಕೆಂದಿಲ್ಲ. ಕನ್ನಡ ಓದಬಲ್ಲ ಇತಿಹಾಸ ಅಥವಾ ಅರ್ಥಶಾಸ್ತ್ರದ ಅಧ್ಯಾಪಕರು ನಿಲುವು, ಆಧಾರ, ತರ್ಕಗಳ 15 ಅಂಕಗಳನ್ನು ಸಮರ್ಥವಾಗಿ ಕೊಡಬಲ್ಲರು. ಎರಡನೆಯದಾಗಿ, ಒಬ್ಬರೇ ಇರುವ ಕಡೆ, ಕೊಟ್ಟ ಅಂಕಗಳನ್ನು ಮುಚ್ಚಿಟ್ಟು ಒಂದು ವಾರದ ಬಳಿಕ ಕೆಲವು ಪತ್ರಿಕೆಗಳನ್ನು ಬೇರೆ ಅನುಕ್ರಮದಲ್ಲಿ ಮತ್ತೆ ಓದಿ ಎರಡು ಸಲದ ಅಂಕಗಳನ್ನು ಹೋಲಿಸಬಹುದು. ಮೂರನೆಯದು ತುಲನಾತ್ಮಕ ತೀರ್ಮಾನದ ವಿಧಾನ. ಎರಡು ವಸ್ತುಗಳಲ್ಲಿ ಯಾವುದು ಮೇಲೆಂದು ಹೇಳುವುದು ಒಂದೊಂದಕ್ಕೂ ಬೇರೆಬೇರೆಯಾಗಿ ಅಂಕ ಕೊಡುವುದಕ್ಕಿಂತ ಸುಲಭವೆಂಬ ಅನುಭವಕ್ಕೆ ಥರ್ಸ್ಟನ್ 1927ರಲ್ಲಿ ಗಣಿತೀಯ ರೂಪ ಕೊಟ್ಟರು. ಧರ್ಮಪುರಿ, ಹೊಸೂರು, ತಾಳವಾಡಿ, ಕಾಸರಗೋಡುಗಳಂತಹ ಬೇರೆಬೇರೆ ಗಡಿಪ್ರದೇಶಗಳ ಉತ್ತರಗಳನ್ನು ಬೆರಳಚ್ಚು ಮಾಡಿಸಿ, ಜೋಡಿಜೋಡಿಯಾಗಿ ಹಲವು ಅಧ್ಯಾಪಕರಿಗೆ ಕಳುಹಿಸಿ, ‘ಎರಡರಲ್ಲಿ ಯಾವುದು ಉತ್ತಮ ವಿಶ್ಲೇಷಣೆ?’ ಎಂಬ ಒಂದೇ ಪ್ರಶ್ನೆಗೆ ಉತ್ತರ ಪಡೆದರೆ ಶ್ರೇಣಿಯೊಂದು ದೊರೆಯುತ್ತದೆ. ಕೈಬರೆಹದ ಪ್ರಭಾವವೂ ಗುರುತಿನ ಪ್ರಭಾವವೂ ಅದರಲ್ಲಿ ಬಹಳಷ್ಟು ತಗ್ಗುತ್ತವೆ.

8. ಒಂದು ಆಕ್ಷೇಪ

ಭಾಷೆಗೆ 20ಕ್ಕೆ 3 ಅಂಕ ಮಾತ್ರ ಇಡುವುದರಿಂದ ಕನ್ನಡದ ಮಟ್ಟ ಇಳಿಯುವುದಿಲ್ಲವೇ ಎಂದು ಕೇಳಬಹುದು. ಅಂಕಗಳ ಹಂಚಿಕೆ ಪರೀಕ್ಷೆಯ ಉದ್ದೇಶವನ್ನು ಅನುಸರಿಸಬೇಕು ಎಂಬುದು ಇದಕ್ಕೆ ಉತ್ತರ. ಕನ್ನಡ ಸಾಹಿತ್ಯದ ಸ್ನಾತಕೋತ್ತರ ಪತ್ರಿಕೆಯಲ್ಲಿಯೋ ಭಾಷಾಂತರದ ಪತ್ರಿಕೆಯಲ್ಲಿಯೋ ಭಾಷೆಯ ಪಾಲು ಇದರ ಎರಡರಷ್ಟೋ ಮೂರರಷ್ಟೋ ಇರಬಹುದು. ಅದನ್ನು ಮೊದಲೇ ತಿಳಿಸಿದ್ದರೆ ಸಾಕು. ಒಂದನ್ನು ಅಳೆಯುತ್ತೇವೆಂದು ಹೇಳಿ ಇನ್ನೊಂದನ್ನು ಅಳೆಯುವುದು ಮಾತ್ರ ಸಲ್ಲದು. ಅಂಕ ಕಳೆಯದಿದ್ದರೂ ತಿದ್ದುವ ಕೆಲಸವನ್ನು ಬಿಡುವಂತಿಲ್ಲ. ‘ಸಂಕ್ಯೆ’ಯನ್ನು ‘ಸಂಖ್ಯೆ’ಯೆಂದು ತಿದ್ದಿ, ‘ಅರಸು’ ಕನ್ನಡದಲ್ಲಿ ಏನಾಗುತ್ತದೆಂದು ಅಂಚಿನಲ್ಲಿ ಬರೆದುಕೊಡುವುದು ಅಧ್ಯಾಪಕನ ಕರ್ತವ್ಯವಾಗಿ ಉಳಿಯುತ್ತದೆ.

ಗಡಿನಾಡಿನ ವಿದ್ಯಾರ್ಥಿಗೆ ಎರಡು ಬಗೆಯ ಅನ್ಯಾಯಗಳು ಆಗುತ್ತವೆ. ಅವನ ಭಾಷೆಯನ್ನು ನೋಡಿ ವಿಚಾರವನ್ನೂ ಕೀಳೆಂದು ಎಣಿಸುವುದು ಮೊದಲನೆಯದು. ಗಡಿಯಾಚೆಯವನು ಕನ್ನಡದಲ್ಲಿ ಬರೆದನಲ್ಲಾ ಎಂಬ ಅಭಿಮಾನದಿಂದ, ವಿಚಾರವನ್ನು ಪರಿಶೀಲಿಸದೆ ಕೃಪಾಂಕ ಕೊಟ್ಟು ಕಳುಹಿಸುವುದು ಎರಡನೆಯದು. ಎರಡರಲ್ಲಿಯೂ ಅವನು ಬರೆದದ್ದನ್ನು ಯಾರೂ ಓದಿರುವುದಿಲ್ಲ. ಬಿಡಿಬಿಡಿಯಾದ ಮಾನದಂಡ, ಮಾಹಿತಿಸಹಿತವಾದ ಪ್ರಶ್ನೆ, ಯೋಜನಾ ಅವಧಿ, ಎರಡನೆಯ ಓದು ಇವೆಲ್ಲವೂ ಆ ಓದನ್ನು ಸಾಧ್ಯವಾಗಿಸುವ ಸಾಧನಗಳು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ. ಮುಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವ ಸಭೆಯಲ್ಲಿಯೇ ಇವುಗಳನ್ನು ಆರಂಭಿಸಬಹುದು.